ತುರುಫು

ಪಾಲಿಬೆಟ್ಟದ ಯಾವುದೋ ಬಂಗಲೆಯಿಂದ ಬಂದ ಚಿತ್ರ.
ಅಸಲಲ್ಲ, ಅಚ್ಚು. ಗಾಜು ಒಡೆದಿದೆ,
ಕೆಳಗಿನ ಮೂಲೆ ಗೆದ್ದಲಿಗೆ ಸಂದಿದೆ.
ಇಸ್ಪೀಟಾಡುವ ನಾಲ್ವರು ಎಳೆಯರು, ನಡುವೆ ಒಂದು ಮೇಣದಬತ್ತಿ.
ಒಬ್ಬ ಹುಡುಗನ ಕೈ ಅದಕ್ಕೆ ಅಡ್ಡ ಬಂದು
ಬೆರಳಿನ ಅಂಚು ಮಾತ್ರ ಕೆಂಪು,
ಕಾಫಿ ಹಣ್ಣನ್ನು ಬಿಸಿಲಿಗೆ ಹಿಡಿದ ಹಾಗೆ.
ಹುಡುಗಿಯ ಕೊರಳಿಗೆ ನೆರಿಗೆ ನೆರಿಗೆ ಬಿಳಿ ಪಟ್ಟಿ.
ಉಳಿದದ್ದೆಲ್ಲ ಕಪ್ಪು. ಮುನ್ನೂರು ವರ್ಷ ಹಳೆಯ ಕಪ್ಪು.

ಕಣ್ಣು ಪಳಗಿದ ಮೇಲೆ ಅದರೊಳಗೆ
ಇನ್ನೊಬ್ಬ ಕಾಣುತ್ತಾನೆ. ಆಡುತ್ತಿಲ್ಲ, ನಿಂತಿದ್ದಾನೆ.
ಎಲ್ಲರ ಎಲೆಯೂ ಅವನಿಗೆ ಕಾಣುವಂತಿದೆ.

ಸಂಜೆ ಆರೂಮುಕ್ಕಾಲಿಗೆ ಕರೆಂಟು ಹೋಯಿತು.
ಮಾಲ್ದಾರೆ ಕಡೆ ಆನೆ ಕಂಬ ಬೀಳಿಸಿದೆಯಂತೆ,
ಒಂಬತ್ತರವರೆಗೆ ವಿರಾಜಪೇಟೆಗೆ ಬೆಳಕಿಲ್ಲ.
ಗಾಜು ಕೊಯ್ಯುವ ಮೇಜಿನ ಚೂರು ಸರಿಸಿ
ನನ್ನ ಕೆಲಸದ ಹುಡುಗ ರಂಶಾದ್, ಪಕ್ಕದ ಜೆರಾಕ್ಸ್‌ನ ಪೊನ್ನಕ್ಕ,
ಟೈಲರ್ ಸಿಲ್ವಿಯಾ, ಅವಳ ತಮ್ಮ ಲ್ಯಾನ್ಸಿ
ಇಪ್ಪತ್ತೆಂಟು ಆಡಲು ಕುಳಿತರು.

ತಲೆಕೆಳಗಾದ ಆಟ ಇದು.
ರಾಜನಿಗೆ ಸೊನ್ನೆ, ರಾಣಿಗೂ ಸೊನ್ನೆ.
ಗುಲಾಮನಿಗೆ ಮೂರು; ಅವನೇ ಎಲ್ಲರಿಗಿಂತ ದೊಡ್ಡವನು.
ಚಿತ್ರದ ರೇಷ್ಮೆಯವರು ಇದನ್ನು ಆಡಿರಲಾರರು.
ಕೂಗಿದವರು ತುರುಫು ಬೋರಲಿಡಬೇಕು,
ಕೇಳುವವರೆಗೆ ತೋರಿಸಬಾರದು.

"ಇಪ್ಪತ್ತೊಂದು" ಎಂದಳು ಪೊನ್ನಕ್ಕ.
ಅಂಟಿನ ಡಬ್ಬಿ ಹಿಡಿದು ಅವಳ ಬೆನ್ನಿಗೆ ನಿಂತಿದ್ದೆ ನಾನು.
ಕೈಯಲ್ಲಿ ಒಬ್ಬ ಗುಲಾಮನೂ ಇಲ್ಲ!
ಎದುರಿಗಿದ್ದ ಜೊತೆಗಾರನನ್ನು ನೋಡಿ
ಓಲೆಯನ್ನು ಎರಡು ಸಲ ತಿರುಗಿಸಿದಳು.
ಕಳ್ಳಸನ್ನೆ. ನಲವತ್ತು ವರ್ಷ ಈ ಆಟ ಕಂಡವನು ನಾನು:
ಓಲೆ ಎಂದರೆ ಆಟೀನು, ಮೂಗು ಎಂದರೆ ಒಂಬತ್ತು.

ರಂಶಾದ್‌ನ ಹಿಂದೆ ಮಾರಾಟಕ್ಕಿಟ್ಟ ಕನ್ನಡಿ.
ಅದರಲ್ಲಿ ಅವನ ಎಲೆ ಕಂಡವು:
ಆಟೀನಿನ ಗುಲಾಮ ಇದ್ದೂ ಏಳು ಎಸೆದ.
ಸೋತರು. ಮತ್ತೆ ಕೂಗಿದರು, ಮತ್ತೆ ಸೋತರು.
ಇಷ್ಟು ಹಿಗ್ಗಿ ಸೋಲುವವರನ್ನು ನಾನು ಕಂಡಿಲ್ಲ.
ಗೆದ್ದು ಗೆದ್ದು ಲ್ಯಾನ್ಸಿಗೆ ಆಕಳಿಕೆ.
ಬಾಗಿಲ ಗಾಳಿಗೆ ಬತ್ತಿ ಬಾಗಿತು,
ರಂಶಾದ್ ಕೈ ಅಡ್ಡ ಹಿಡಿದ.
ಬೆರಳಿನ ಅಂಚು ಕೆಂಪಾಯಿತು.

ಆ ಓಲೆಯ ಮಾತು ಇಸ್ಪೀಟಿನದ್ದಲ್ಲ.
ಅವಳ ಅಜ್ಜನ ಪೀಚೆಕತ್ತಿಗೆ
ಗಾಜಿನ ಪೆಟ್ಟಿಗೆ ಕಟ್ಟಿಕೊಟ್ಟವನು ನಾನೇ.
ಪ್ರತಿ ಪೆರ್ನಾಳಿಗೆ ಇವನ ಉಮ್ಮ ಕಳಿಸುವ ಪತ್ತಿರಿ ತಿಂದವನೂ ನಾನೇ.
ಕತ್ತಲಲ್ಲಿ ಒಂದು ಹೆಜ್ಜೆ ಹಿಂದೆ ಸರಿದೆ.

ಕರೆಂಟು ಬಂತು.
ನಾಲ್ವರೂ ಥಟ್ಟನೆ ಚಪ್ಪಟೆ:
ಮೊಡವೆ, ಬೆವರು, ಉಗುರಲ್ಲಿ ಶಾಯಿ.
ಎದ್ದರು, ಹೊತ್ತಾಯಿತೆಂದರು, ಬೇರೆ ಬೇರೆ ದಿಕ್ಕಿಗೆ ನಡೆದರು.
ಕೊನೆಯ ಕೂಗಿನ ತುರುಫು
ಮೇಜಿನ ಮೇಲೆ ಬೋರಲಾಗಿಯೇ ಉಳಿಯಿತು.

ತಿರುವಿ ನೋಡಲಿಲ್ಲ.
ಚಿತ್ರದ ಬೆನ್ನಿಗೆ ರಟ್ಟು ಕೂರಿಸುವಾಗ
ಅದನ್ನು ಒಳಗಿಟ್ಟು ಸುತ್ತ ಆಣಿ ಹೊಡೆದೆ.
ನಾಳೆ ಮೂವತ್ತೊಂದೇ ಎಲೆ, ಹುಡುಕಲಿ;
ಸಿಗದಿದ್ದರೆ ರಟ್ಟು ಕತ್ತರಿಸಿ
ಗುಲಾಮನನ್ನೋ ಯಾರನ್ನೋ ಬರೆದುಕೊಳ್ಳಲಿ.

ಮಂಗಳವಾರ ಬಂಗಲೆಯ ಡ್ರೈವರ್ ಬಂದು ಒಯ್ಯುತ್ತಾನೆ.
ಬಿಲ್ಲಿನಲ್ಲಿ ಬರೆದಿದ್ದೇನೆ: ಗಾಜು, ಚೌಕಟ್ಟು, ರಟ್ಟು, ಆಣಿ.
ಗೆದ್ದಲು ತಿಂದ ಮೂಲೆಗೆ ಏನೂ ಹಾಕಿಲ್ಲ.