ಪದಕ್ಕೆ ಹತ್ತು ಪೆನ್ನಿ

ಪೀಟರ್‌ಹೆಡ್ಡಿನಲ್ಲಿ ಕಲ್ಲೂ ಬೂದು, ಕಡಲೂ ಬೂದು.
ಮೀನಿನ ಕಾರ್ಖಾನೆಯಿಂದ ಬಂದ ಅಪ್ಪ
ನಿಂಬೆಹೋಳಲ್ಲಿ ಬೆರಳು ಉಜ್ಜಿಕೊಳ್ಳುತ್ತಲೇ
ಕಾನೂನು ಸಾರಿದ:
ಊಟದ ಮೇಜಿನಲ್ಲಿ ಇಂಗ್ಲಿಷೊಂದೇ.
ಬಾಯಿಂದ ಜಾರ್ಜಿಯನ್ ಜಾರಿದರೆ
ಪದಕ್ಕೆ ಹತ್ತು ಪೆನ್ನಿ, ಬಿಸ್ಕೆಟ್ ಡಬ್ಬಿಗೆ.
ಹನ್ನೊಂದು ವರ್ಷದ ನಾನು, ತೆಕ್ಲೆ, ನ್ಯಾಯಾಧೀಶೆ.
ಫೋನಿನಲ್ಲಿ ಬರುವ ಅಜ್ಜಿಗೆ ಮಾತ್ರ ಮಾಫಿ.

ಮೊದಲ ವಾರವೆಲ್ಲ ಮೇಜು ಮೂಕ.
ಉಪ್ಪು ಬೇಕಾದವರು ಉಪ್ಪನ್ನೇ ದಿಟ್ಟಿಸುವುದು.
ಆಮೇಲೆ ಅಮ್ಮ ಬಾಯಿಬಿಟ್ಟಳು: "ಬೀನ್ಸ್ ಇಸ್ ಹಾಟ್."
ಆರ್, ಅಂದೆ. ಬೀನ್ಸ್ ಆರ್. ದಿ ಬೀನ್ಸ್ ಆರ್.
"ಯಾವ ಬೀನ್ಸ್ ಅಂತ ಕಾಣೋದಿಲ್ಲವಾ? ಇರೋದೊಂದೇ ಪಾತ್ರೆ,
ದಿ ಯಾಕೆ?"
ತಾಯ್ನುಡಿಯಲ್ಲೇ ರೇಗಿದ್ದು. ಏಳು ಪದ, ಎಪ್ಪತ್ತು ಪೆನ್ನಿ.
ದಿ ಇಂಗ್ಲಿಷಾದ್ದರಿಂದ ಬಿಟ್ಟಿ.

ನಮ್ಮಲ್ಲಿ ಇಸ್ ಅಂದರೆ
ಅವನು, ಅವಳು, ಅದು, ಎಲ್ಲಕ್ಕೂ ಒಂದೇ ಅಂಗಿ.
ಇಲ್ಲಿ ಅದೇ ಸದ್ದಿಗೆ ಬೇರೆ ಕೆಲಸ.
ಹೀಗಾಗಿ ಕೆಳಮನೆಯ ಮಿಸೆಸ್ ಬುಕನ್
ಅಮ್ಮನ ಬಾಯಲ್ಲಿ ಹಿ,
ಅವರ ಗಂಡುನಾಯಿ ಶಿ.
ನಾನೇನು ಕಮ್ಮಿ? ನಮ್ಮಲ್ಲಿ ಮಾಮಾ ಅಂದರೆ ಅಪ್ಪ.
"ನನ್ನ ಮಾಮಾಗೆ ಮೀಸೆ ಇದೆ" ಎಂದು ಬರೆದ ದಿನ
ಶಾಲೆಯಿಂದ ಫೋನು ಬಂತು.

ಇಂಗ್ಲಿಷಿನಲ್ಲಿ ಅಪ್ಪ ಅಮ್ಮ ಎಷ್ಟು ಒಳ್ಳೆಯವರು!
ಪ್ಲೀಸ್ ಎನ್ನದೆ ಬ್ರೆಡ್ಡು ಕೈದಾಟುತ್ತಿರಲಿಲ್ಲ.
ಜಗಳಕ್ಕೆ ಬೇಕಾಗುವಷ್ಟು ವ್ಯಾಕರಣ
ಅವರಿನ್ನೂ ಕಲಿತಿರಲಿಲ್ಲ.

ಪಾಠ ಹದಿನಾಲ್ಕು: ಶುಡ್ ಹ್ಯಾವ್.
ಮಾಡಬೇಕಿತ್ತು, ಮಾಡಲಿಲ್ಲ.
ಉದಾಹರಣೆ ಕೊಡಿ, ಅಂದೆ, ಚಮಚ ಬಡಿದು.
"ಐ ಶುಡ್ ಹ್ಯಾವ್ ಬ್ರಾಟ್ ಅಂಬ್ರೆಲಾ," ಅಂದ ಅಪ್ಪ.
ಆನ್ ಅಂಬ್ರೆಲಾ, ಅಂದೆ.
ಅಮ್ಮ ಬೀನ್ಸ್ ಬಡಿಸುತ್ತಿದ್ದಳು. ಸೌಟು ನಡುವಲ್ಲೇ ನಿಂತಿತು.
"ಯು ಶುಡ್ ಹ್ಯಾವ್ ಆಸ್ಕ್ಡ್ ಮಿ."

ಶುಡ್ ಇತ್ತು, ಹ್ಯಾವ್ ಇತ್ತು, ಆಸ್ಕಿನ ಬಾಲಕ್ಕೆ ಡಿ ಕೂಡ ಇತ್ತು.
ಕರೆಕ್ಟ್! ಎಂದು ಚಪ್ಪಾಳೆ ತಟ್ಟಿದೆ.
ತಟ್ಟಿದ ಕೈಗಳನ್ನು ಎಲ್ಲಿಡುವುದೋ ತಿಳಿಯಲಿಲ್ಲ.

ಏನನ್ನು ಕೇಳಬೇಕಿತ್ತೆಂದು ಮೂವರಿಗೂ ಗೊತ್ತು:
ಚಿಕ್ಕಪ್ಪನ ಟ್ಯಾಕ್ಸಿ ಸಾಲಕ್ಕೆ ಅಪ್ಪ ಹಾಕಿದ ಒಂದು ರುಜು,
ಬ್ಯಾಂಕು ಬೀಗ ಜಡಿದ ಮೂರನೇ ಮಹಡಿಯ ಮನೆ,
ಒಳಗೆ ಅಮ್ಮ ಹಚ್ಚುತ್ತಿದ್ದ ಹಳದಿ ಬಣ್ಣ, ಕಿಟಕಿಯವರೆಗೆ.
ಝೆಸ್ತಪೋನಿಯಲ್ಲಿ ರೇಖಾಗಣಿತ ಕಲಿಸುತ್ತಿದ್ದವಳು
ಇಲ್ಲಿ ಹೋಟೆಲಿನ ಹಾಸಿಗೆಗಳ ಮೂಲೆ ಮಡಿಸುತ್ತಾಳೆ,
ತೊಂಬತ್ತು ಡಿಗ್ರಿಗೆ ಕೂದಲೆಳೆ ತಪ್ಪದಂತೆ.
ನಾಲ್ಕು ವರ್ಷ ಆ ಮಾತನ್ನು ಸ್ವಂತ ನುಡಿಯಲ್ಲಿ ಆಡಿರಲಿಲ್ಲ.
ಸ್ವಂತ ನುಡಿಯಲ್ಲಿ ಅದಕ್ಕೆ ಹಲ್ಲಿದ್ದವು.

ಅಪ್ಪ ಬಹಳ ಹೊತ್ತು ಹುಡುಕಿದ.
"ಐ ಶುಡ್ ಹ್ಯಾವ್," ಅಂದ. ಅಷ್ಟೇ.
ಉಳಿದದ್ದನ್ನು ಬಿಡಬಹುದು, ನಿಯಮ ಒಪ್ಪುತ್ತದೆ.

ಸಾರಿ ಅನ್ನುತ್ತಾನೆ ಅಂದುಕೊಂಡೆ.
ಆದರೆ ಸಾರಿ ಇಲ್ಲಿ ಬಸ್ಸಿನಲ್ಲಿ ಭುಜ ತಾಗಿದರೆ ಉದುರುವ ಮಾತು,
ದಿನಕ್ಕೆ ಮೂವತ್ತು ಸಲ; ಕಾಲು ತುಳಿಸಿಕೊಂಡವರೂ ಅನ್ನುತ್ತಾರೆ.
ಅಪ್ಪ ಜೇಬು ತಡಕಿದ. ಹತ್ತು ಪೆನ್ನಿ ತೆಗೆದು
ಮೊದಲು ದಂಡ ಕಟ್ಟಿದ,
ಆಮೇಲೆ ಅಂದ: ಬೋದಿಶಿ.

ಅಮ್ಮ ಪರ್ಸು ತಂದು
ಇದ್ದ ಚಿಲ್ಲರೆಯನ್ನೆಲ್ಲ ಡಬ್ಬಿಗೆ ಸುರಿದಳು.
ನನ್ನನ್ನು ಮಲಗಲು ಅಟ್ಟಿದರು.
ಗೋಡೆಯಾಚೆ ಗಂಟಲ ಬುಡದ ವ್ಯಂಜನಗಳು
ಏರಿದವು, ಬಿದ್ದವು, ಮೂಗೊರೆಸಿಕೊಂಡು ಮತ್ತೆ ಎದ್ದವು.
ಎಣಿಸುತ್ತಾ ಹೋದೆ. ಹನ್ನೆರಡು ಪೌಂಡಿನ ಹತ್ತಿರ
ಲೆಕ್ಕ ತಪ್ಪಿ ನಿದ್ದೆ ಹತ್ತಿತು.

ಬೆಳಿಗ್ಗೆ ಶಾಲೆಯ ಪುಸ್ತಕದಲ್ಲಿ ಬರೆದೆ:
"ಮೈ ಪೇರೆಂಟ್ಸ್ ಹ್ಯಾವ್ ಬೀನ್ ಟಾಕಿಂಗ್."
ಮಿಸ್ ಗೆಡ್ಡಿಸ್ ಕೆಂಪು ಶಾಯಿಯಲ್ಲಿ ಕೇಳಿದರು:
ಯಾವಾಗಿನಿಂದ? ಸಿನ್ಸ್ ಸೇರಿಸು.
ಸೇರಿಸಿದೆ.
ಸಿನ್ಸ್ ದಿ ಬೀನ್ಸ್.