ಇಪ್ಪತ್ತೈದರ ಕಟ್ಟು

ಹುಣಸೂರಿನಿಂದ ಬಸ್ಸಲ್ಲಿ ಬಂತು ಮಣ್ಣು,
ಅಕ್ಕಿಚೀಲದೊಳಗೆ, ಬೇರಿನ ಸಮೇತ.
ಹೊಗೆಸೊಪ್ಪಿನ ಗಿಡವನ್ನು ನಾನು ಕಂಡದ್ದು ಅಂದೇ ಮೊದಲು,
ಹುಟ್ಟಿದಂದಿನಿಂದ ಅದರ ಪುಡಿಗೆ ಸೀನಿದವಳು.

ಕೊಣಾಜೆಯ ಲ್ಯಾಬಿನಲ್ಲಿ ನನ್ನ ಕೆಲಸ ತೆಳುಮಾಡುವುದು:
ಒಂದು ಪಾಲು ಮಣ್ಣು, ಒಂಬತ್ತು ಪಾಲು ನೀರು,
ಅದರದೊಂದು ಪಾಲು ಮತ್ತೆ ಒಂಬತ್ತಕ್ಕೆ.
ಆರನೇ ಕೊಳವೆಗೆ ಬರುವಷ್ಟರಲ್ಲಿ
ನೋಡಿದರೆ ಬರೀ ಬಾವಿನೀರು.
ಆದರೂ ಎರಡು ದಿನ ಕಳೆದು ತಟ್ಟೆ ತೆಗೆದರೆ
ಎದ್ದು ಕೂತಿದ್ದವು, ನೆನೆದ ಸಾಬಕ್ಕಿಯ ಹಾಗೆ.
ದೀಪ ಆರಿಸಿ ನೀಲಿ ಬೆಳಕು ಹಿಡಿದೆ.
ಹಸಿರಾಗಿ ಹೊಳೆದವು,
ಕೆಲವು ರಾತ್ರಿ ಉಳ್ಳಾಲದ ತೆರೆ ಹೊಳೆಯುವಂತೆ.

"ಇವು ಒಳ್ಳೆಯವು" ಅಂದರು ಫ್ಲೇವಿಯಾ ಮೇಡಂ.
"ಬೇರಿಗೆ ಅಂಟಿ ಕೂತು
ಮಣ್ಣಿನ ಕಬ್ಬಿಣವನ್ನು ಮೊದಲೇ ಬಾಚಿಕೊಳ್ಳುತ್ತವೆ.
ಕೊಳೆರೋಗ ಬರುವಾಗ ಊಟ ಮುಗಿದಿರುತ್ತದೆ."

ಕಬ್ಬಿಣ.
ಮುರಕಲ್ಲಿನ ಊರು ನಮ್ಮದು,
ಅಂಗಳ ಗುಡಿಸಿದರೂ ಸೀರೆಯಂಚು ಕೆಂಪು.
ಅಮ್ಮನ ರಕ್ತದಲ್ಲಿ ಮಾತ್ರ ಅದಿಲ್ಲವೆಂದು
ಆಶಾ ಕಾರ್ಯಕರ್ತೆ ತಿಂಗಳಿಗೊಮ್ಮೆ ಮಾತ್ರೆ ಕೊಟ್ಟು ಹೋಗುತ್ತಾಳೆ.
ಅಮ್ಮ ಅದನ್ನು ಬಸಳೆಯ ಬುಡಕ್ಕೆ ಹಾಕುವುದು ನನಗೆ ಗೊತ್ತು.
"ಅದಕ್ಕಾದರೂ ತಾಗಲಿ ಮಾರಾಯ್ತಿ,
ನನಗೆ ಹೊಟ್ಟೆ ತೊಳಸುತ್ತದೆ."

ಒಂದು ಭಾನುವಾರ ಅವಳನ್ನೂ ಕರಕೊಂಡು ಹೋದೆ,
ಲೆಕ್ಕ ಬಾಕಿಯಿತ್ತು.
ಪೆನ್ನಿನಿಂದ ಒಂದೊಂದೇ ಚುಕ್ಕಿ ಗುರುತಿಸುವ ನನ್ನ ಪಕ್ಕ
ಅಮ್ಮ ತಟ್ಟೆಯೊಂದನ್ನು ಎತ್ತಿ ಬೆಳಕಿಗೆ ಓರೆ ಮಾಡಿದಳು,
ಬೀಡಿ ಬ್ರಾಂಚಿನಲ್ಲಿ ಕೋಟಿಯಣ್ಣನೆದುರು ಗೆರಸೆ ಹಿಡಿದಂತೆ.
"ಏಳು ಕಟ್ಟು. ಮೇಲೆ ಹನ್ನೊಂದು."

ಇಪ್ಪತ್ತೈದರ ಕಟ್ಟು.
ನಾನು ಎರಡು ಸಲ ಎಣಿಸಿದೆ:
ನೂರ ಎಂಬತ್ತಾರೇ.

"ಇದರಲ್ಲಿ ರಿಜೆಕ್ಟ್ ಅಂತ ಎಷ್ಟು ತೆಗೀತಾರೆ?"
ಏನೂ ಇಲ್ಲಮ್ಮ, ಎಲ್ಲ ಲೆಕ್ಕಕ್ಕೆ.
ಅವಳು ನಂಬಲಿಲ್ಲ.

ಹೊರಡುವ ಮೊದಲು, ಮೂಲೆಯಲ್ಲಿ ಒಣಗಿದ್ದ ಬೇರನ್ನು ಮೂಸಿದಳು.
ಘಾಟಿಲ್ಲ. ಬರೀ ಮಣ್ಣು.
ನಲವತ್ತು ವರ್ಷ ಎಲೆಯನ್ನಷ್ಟೇ ಕಂಡ ಕೈ
ಬೇರಿನ ನಾರು ನಾರನ್ನೂ ಸವರಿತು.
"ಬುಡದಲ್ಲಿ ಎಷ್ಟು ಪಾಪದ್ದು ನೋಡು."

ಈ ಗಿಡಕ್ಕೆ ಆರೋಗ್ಯ ಕೊಡುವುದು ನನ್ನ ಸಂಬಳ
ಎಂದು ಹೇಳೋಣವೆಂದಿದ್ದೆ.
ಅಷ್ಟರಲ್ಲಿ ಅವಳಿಗೆ ಕೆಮ್ಮು ಬಂತು.
ಮೊದಲು ತಟ್ಟೆಗಳ ಮೇಲೆ ಸೆರಗು ಹಾಕಿ,
ಆಮೇಲೆ ಆಚೆ ತಿರುಗಿ
ಕೆಮ್ಮಿದಳು.