ನೀಲಿ ಬಿಲ್ಲೆ

ಹನ್ನೆರಡು ಬಣ್ಣದ ಡಬ್ಬಿ.
ಮಾರ್ಚ್ ಬರುವಷ್ಟರಲ್ಲಿ ಕಂದು ಬಿಲ್ಲೆ ಸವೆದು
ತಳದ ತಗಡು ಕಾಣುತ್ತದೆ,
ಹಳದಿಯ ನಡುವೆ ಗುಳಿ.
ನೀಲಿ ಮಾತ್ರ ಅಂಗಡಿಯಿಂದ ತಂದ ಹಾಗೇ,
ಮೇಲೊಂದು ಪದರ ಧೂಳು.

ಮುಯ್ನಾಕಿನ ನಮ್ಮ ಶಿಶುವಿಹಾರದಲ್ಲಿ
ಕಿಟಕಿಯ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕುತ್ತೇವೆ,
ಆದರೂ ಮಧ್ಯಾಹ್ನದ ಗಂಜಿಯಲ್ಲಿ ಉಪ್ಪುಮರಳು ಕರಕರ.
ಇಪ್ಪತ್ತಮೂರು ಮಕ್ಕಳು. ಒಬ್ಬರೂ ಕಡಲು ಕಂಡವರಲ್ಲ.
ನಾನೂ ಅಷ್ಟೆ. ನಾನು ಹುಟ್ಟುವ ಹೊತ್ತಿಗೇ ಅದು
ಕೂಗಿದರೂ ಕೇಳಿಸದಷ್ಟು ದೂರ ಹೋಗಿತ್ತು.

"ಹಡಗು ಬರೀರಿ" ಅಂದೆ ಇವತ್ತು.
ಐದು ವರ್ಷದ ಅಲ್ಲಾಯಾರ್, ನಾಲಿಗೆಯ ತುದಿ ಹೊರಚಾಚಿ,
ತುಕ್ಕಿನ ಬಣ್ಣಕ್ಕಾಗಿ ಕೆಂಪಿಗೆ ಕಂದು ಕಲಸಿ,
ಸಾಲದೆ, ಅಂಗಳದಿಂದ ಚಿಟಿಕೆ ಮಣ್ಣು ತಂದು ಬೆರೆಸಿ
ಬಳಿದ. ಹಡಗಿನ ಹೊಟ್ಟೆಯ ಕೆಳಗೆ ನೆರಳು.
ನೆರಳಲ್ಲಿ ಎರಡು ಒಂಟೆ, ಮೆಲುಕು ಹಾಕುತ್ತ.
ಒಂದರ ಬಾಯಲ್ಲಿ ಹಗ್ಗದ ತುಂಡು.

ನುಕುಸಿನಿಂದ ತಪಾಸಣೆಗೆ ಬಂದ ಮೇಡಂ
ಕನ್ನಡಕ ಏರಿಸಿ ನೋಡಿದರು.
"ಹಡಗು ಇರೋದು ನೀರಲ್ಲಿ, ಅಲ್ವಾ ಪುಟ್ಟ?"
ಅವನು ಅವರನ್ನೇ ದಿಟ್ಟಿಸಿದ,
ಒಂಟೆಗೆ ರೆಕ್ಕೆಯಿದೆ ಅಂದವರನ್ನು ನೋಡುವ ಹಾಗೆ.
"ತಿದ್ದಿಸಿ" ಅಂದರು ನನಗೆ, ಮೆಲ್ಲಗೆ. ಕೆಟ್ಟವರಲ್ಲ ಅವರು.

ಕುಂಚ ಒದ್ದೆ ಮಾಡಿದೆ.
ನೀಲಿಯ ಮೇಲಿನ ಧೂಳು ಕೆಸರಾಯಿತು.

ಒಂದು ಸಲ ತಿದ್ದಿದ್ದೇನೆ ನಾನು.
ತಾಜಿಗುಲ್ ಅಂತ. ಅವಳ ಕುದುರೆಗೆ ಆರು ಕಾಲು.
ಓಡ್ತಾ ಇದೆ ಅಪಾ, ಅದಕ್ಕೇ, ಅಂದಿದ್ದಳು.
ಎರಡು ಕಾಲು ಅಳಿಸಿ, ಬೆನ್ನು ನೇರ ಮಾಡಿ,
ಬಾಲವನ್ನೂ ನಾನೇ ಹಾಕಿ ಗೋಡೆಗೆ ಅಂಟಿಸಿದೆ.
ಎಲ್ಲರೂ ಹೊಗಳಿದರು.
ಮಾರನೆಯ ದಿನದಿಂದ ಅವಳು
ಖಾಲಿ ಹಾಳೆ ಹಿಡಿದು ನನ್ನ ಮೇಜಿನ ಬಳಿ:
"ನೀವೇ ಬರೆದುಕೊಡಿ."
ಬೇಸಿಗೆ ರಜೆಯವರೆಗೂ ಅದೊಂದೇ ಮಾತು.
ಈಗ ಏಳನೇ ತರಗತಿ. ಅಕ್ಷರ ಬಲು ದುಂಡು.
ದಾರಿಯಲ್ಲಿ ಸಿಕ್ಕರೆ ಎದೆಗೆ ಕೈಯಿಟ್ಟು ಸಲಾಂ ಹೇಳುತ್ತಾಳೆ.

ಕುಂಚವನ್ನು ಲೋಟದಲ್ಲಿ ತೊಳೆದೆ.
ಮೇಡಂ ಏನೋ ಬರೆದುಕೊಂಡರು. ನಾನು ಕೇಳಲಿಲ್ಲ.

ಸಂಜೆ ಕರೆದೊಯ್ಯಲು ಬಂದ ಅಜ್ಜ,
ಹಡಗಿನ ಎಂಜಿನ್ ಕೋಣೆಯಲ್ಲಿ ಕಿವಿ ಕಳಕೊಂಡವನು,
ಹಾಳೆಯನ್ನು ಮೂಗಿನ ಹತ್ತಿರ ಹಿಡಿದು
ಬಹಳ ಹೊತ್ತು ನೋಡಿ ಹಿಂಬದಿಗೆ ಬೆರಳಿಟ್ಟ:
"ಪ್ರೊಪೆಲ್ಲರಿಗೆ ನಾಲ್ಕು ಅಲಗು ಕಣೋ. ಮೂರೇ ಬರೆದಿದ್ದೀಯ."
"ಇನ್ನೊಂದು ಮರಳಲ್ಲಿ ಹೂತಿದೆ!"
ಕಿವಿಗೆ ಬಾಯಿ ಹಚ್ಚಿ ಕೂಗಿದ ಹುಡುಗ.

ಅಜ್ಜ ತಲೆಯಾಡಿಸಿದ. ಇರಬಹುದು.
"ನೀರು ಎಲ್ಲೀವರೆಗೆ ಇತ್ತು, ಅತಾ?"
ಎಣ್ಣೆಗಪ್ಪು ಇನ್ನೂ ಬಿಡದ ಆ ಬೆರಳು
ಒಂಟೆಗಳನ್ನು ಮುಟ್ಟದೆ ಬಳಸಿ,
ಹಾಳೆಯ ಅಂಚು ದಾಟಿ, ಮರದ ಮೇಜಿನ ಮೇಲೆ ಹರಿದು,
ಬಣ್ಣದ ಡಬ್ಬಿಯನ್ನೂ ದಾಟಿ ಹೋಯಿತು.
ಮೇಜು ಮುಗಿದಲ್ಲಿ ನಿಂತಿತು.